ಅಲಾಟ್‌ಮೆಂಟ್ ಯಾವಾಗ?

ಜನವರಿಯ ಒಂದು ಭಾನುವಾರ ಅಪ್ಪನಿಗೆ ಫೋನ್ ಮಾಡಿ ‘ಕಾರು ಬುಕ್ ಮಾಡ್ದೆ’ ಅಂದೆ. ಎರಡು ತಿಂಗಳ ಸಂಶೋಧನೆಯ ಫಲ ಅದು. ಒಂದು ಎಕ್ಸೆಲ್ ಶೀಟು, ಅದರಲ್ಲಿ ಒಂಬತ್ತು ಕಾರು. ಮೈಲೇಜು, ಡಿಕ್ಕಿ ಎಷ್ಟು ದೊಡ್ಡದು, ಏರ್‌ಬ್ಯಾಗು ಎಷ್ಟು, ಸರ್ವಿಸ್ ಖರ್ಚು, ರೀಸೇಲ್ ಬೆಲೆ ಅಂತ ಹದಿನಾಲ್ಕು ಕಾಲಮ್ಮು. ಆಫೀಸಿನಲ್ಲಿ ಯಾರಿಗೆ ಯಾವ ಕಾರಿದೆ, ಯಾರು ಯಾವುದನ್ನು ಬೈತಾರೆ ಅನ್ನೋದೆಲ್ಲ ನನಗೆ ಬಾಯಿಪಾಠ ಆಗಿತ್ತು. ಅಪ್ಪ ಏನು ಕೇಳಿದರೂ ಉತ್ತರ ರೆಡಿ ಇಟ್ಟುಕೊಂಡಿದ್ದೆ.

ಅಪ್ಪ ಮೈಲೇಜು ಕೇಳಲಿಲ್ಲ. ಬಣ್ಣ ಕೇಳಲಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ ಮನುಷ್ಯ, ಬಡ್ಡಿ ಎಷ್ಟು ಅಂತಲೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲಾಟ್‌ಮೆಂಟ್ ಯಾವಾಗ ಬರುತ್ತಂತೆ?’ ಅಂದರು.

‘ಅಲಾಟ್‌ಮೆಂಟ್ ಏನಪ್ಪಾ, ಬಿಡಿಎ ಸೈಟಾ?’ ಅಂತ ನಕ್ಕೆ. ಅಪ್ಪ ನಗಲಿಲ್ಲ. ‘ಸರಿ ಬಿಡು, ಹುಷಾರಾಗಿ ಓಡಿಸು’ ಅಂತ ಫೋನ್ ಇಟ್ಟರು.

ಮುಂದಿನ ಸಲ ಹಾಸನಕ್ಕೆ ಹೋದಾಗ ಅಮ್ಮ ಅಡುಗೆಮನೆಯಲ್ಲಿದ್ದ ಹೊತ್ತು ನೋಡಿ ಅಪ್ಪ ಬೀರು ತೆಗೆದರು. ಮನೆಯ ಪತ್ರಗಳಿರೋ ಪ್ಲಾಸ್ಟಿಕ್ ಕವರಿನ ಅಡಿಯಿಂದ ಒಂದು ಹಳೇ ಪೋಸ್ಟಾಫೀಸ್ ಪಾಸ್‌ಬುಕ್ ತೆಗೆದು ಕೈಗೆ ಕೊಟ್ಟರು. ತಾತನ ಹೆಸರು, 1966ರ ಮುದ್ರೆ. ಒಳಗೆ ಒಂದೇ ಒಂದು ಜಮೆ, ಏಳು ವರ್ಷ ಬಡ್ಡಿ ಸಾಲುಗಳು, ಆಮೇಲೆ ಪೂರ್ತಿ ಹಣ ವಾಪಸು. ‘ಇದು ನಿಮ್ಮ ತಾತ ಬುಕ್ ಮಾಡಿದ್ದ ಕಾರು’ ಅಂದರು.

ನಮ್ಮ ಮನೆಯಲ್ಲಿ ಕಾರಿತ್ತು ಅಂತ ಯಾರೂ ಯಾವತ್ತೂ ಹೇಳಿದ್ದಿಲ್ಲ. ಇರಲೂ ಇಲ್ಲ. ಅದು ಬರಲಿಲ್ಲ ಅನ್ನೋದೇ ಕಥೆ. ಆ ಕಥೆ ಹೇಳೋ ಮೊದಲು, ದುಡ್ಡಿದ್ದ ಒಬ್ಬ ವಕೀಲ ಪೋಸ್ಟಾಫೀಸಿನಲ್ಲಿ ದುಡ್ಡಿಟ್ಟು ಏಳು ವರ್ಷ ಯಾಕೆ ಕಾಯಬೇಕಿತ್ತು ಅನ್ನೋದನ್ನ ಹೇಳಬೇಕು. ಅದನ್ನು ಹುಡುಕಿಕೊಂಡು ಹೋದರೆ, ಆಶ್ಚರ್ಯ ಅಂದ್ರೆ, ಮೊದಲು ಸಿಕ್ಕಿದ್ದು ನಮ್ಮ ಬೆಂಗಳೂರೇ.

ಸರ್ ಎಂ. ವಿಶ್ವೇಶ್ವರಯ್ಯ ಅಂದ ತಕ್ಷಣ ನಮಗೆ ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಬೀದಿದೀಪದ ಕೆಳಗೆ ಓದಿದ ಕಥೆ ನೆನಪಾಗುತ್ತೆ. ಅವರು ಕಾರು ಮಾಡಬೇಕು ಅಂತ ಓಡಾಡಿದ್ದು ಅಷ್ಟಾಗಿ ಯಾರ ಬಾಯಲ್ಲೂ ಬರಲ್ಲ. 1935ರಲ್ಲಿ, ಎಪ್ಪತ್ತೈದರ ಹತ್ತಿರ ವಯಸ್ಸಾದಾಗ, ಅವರು ಯುರೋಪು, ಅಮೆರಿಕಗಳಿಗೆ ಹೋಗಿ ಕಾರು ಕಾರ್ಖಾನೆಗಳನ್ನ ನೋಡಿಕೊಂಡು ಬಂದರು. ಬರೀ ನೋಡಿ ಬರಲಿಲ್ಲ, ಭಾರತದಲ್ಲಿ ಒಂದು ಕಾರ್ಖಾನೆ ಹಾಕೋಕೆ ಯೋಜನೆಯನ್ನೂ ಬರೆದರು. ಆಗ ಇಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಹೊರಗಿನವು. ಜನರಲ್ ಮೋಟರ್ಸ್ 1928ರಿಂದ ಬೊಂಬಾಯಿಯಲ್ಲಿ ಕಾರು ಜೋಡಿಸುತ್ತಿತ್ತು ನಿಜ, ಆದರೆ ಬಿಡಿಭಾಗಗಳೆಲ್ಲ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಬರಬೇಕು, ಇಲ್ಲಿ ನಟ್ಟು ಬೋಲ್ಟು ಬಿಗಿದರೆ ಆಯ್ತು. ವಿಶ್ವೇಶ್ವರಯ್ಯನವರಿಗೆ ಬೇಕಿದ್ದದ್ದು ಇಲ್ಲೇ ಎಂಜಿನ್ ಎರಕ ಹೊಯ್ಯೋ ಕಾರ್ಖಾನೆ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇವರ ಜೊತೆ ಸೇರಿದರು. ಮೊದಲು ಬೊಂಬಾಯಿಯಲ್ಲಿ ಅಂತಿತ್ತು. ಅಲ್ಲಿನ ಕಾಂಗ್ರೆಸ್ ಸರ್ಕಾರಕ್ಕೆ ಆಸಕ್ತಿ ಇತ್ತು. 1939ರಲ್ಲಿ ಯುದ್ಧ ಶುರುವಾಗಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಆಗ ಕಣ್ಣು ಮೈಸೂರಿನ ಕಡೆ ತಿರುಗಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಇಂಥದ್ದಕ್ಕೆ ಇಲ್ಲ ಅನ್ನುವವರಲ್ಲ. ಬೆಂಗಳೂರಲ್ಲಿ ಕಾರ್ಖಾನೆ ಹಾಕಿ, ನೆರವು ಕೊಡ್ತೀವಿ ಅಂತ ಮೈಸೂರು ಸರ್ಕಾರ ಮುಂದೆ ಬಂತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ತಂತ್ರಜ್ಞಾನದ ಮಾತುಕತೆಯೂ ಕುದುರಿತು. ಅಡ್ಡ ಬಂದದ್ದು ದಿಲ್ಲಿಯ ಬ್ರಿಟಿಷ್ ಸರ್ಕಾರ. ಯಂತ್ರ ತರಿಸಲು ಡಾಲರ್ ಕೊಡಲ್ಲ, ಸೈನ್ಯಕ್ಕೆ ನಿಮ್ಮ ಗಾಡಿ ಕೊಳ್ತೀವಿ ಅಂತ ಮಾತು ಕೊಡಲ್ಲ, ಇದು ಯುದ್ಧಕ್ಕೆ ಬೇಕಾದ ಉದ್ಯಮ ಅಂತ ಒಪ್ಪೋದೂ ಇಲ್ಲ ಅಂದರು. ಯೋಜನೆ ಕಾಗದದಲ್ಲೇ ಉಳಿಯಿತು.

ಇದರಲ್ಲೊಂದು ತಮಾಷೆ ಇದೆ. ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರ, 1940ರ ಡಿಸೆಂಬರಿನಲ್ಲಿ ಅದೇ ಬೆಂಗಳೂರಲ್ಲಿ ಇನ್ನೊಂದು ಕಂಪನಿ ಶುರು ಮಾಡಿದರು: ಹಿಂದುಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್. ಯುದ್ಧಕ್ಕೆ ವಿಮಾನ ಬೇಕಿತ್ತು, ಅದಕ್ಕೆ ಒಪ್ಪಿಗೆ ಸಿಕ್ಕಿತು. 1941ರಲ್ಲಿ ಇಲ್ಲಿ ಜೋಡಿಸಿದ ವಿಮಾನ ಆಕಾಶಕ್ಕೆ ಹಾರಿತು. ಕಾರು ಮಾಡೋಕೆ ಬಿಡದ ಊರಲ್ಲಿ ವಿಮಾನ ಆಯ್ತು. ದಿನಾ ಮಾರತ್ತಹಳ್ಳಿ ಕಡೆಯಿಂದ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಕಾರಿನ ಹಿಂದೆ ಕಾರು ನಿಂತು ಎಚ್‌ಎಎಲ್ ಕಾಂಪೌಂಡು ನೋಡುತ್ತಾ ಕೂರೋ ನಿಮ್ಮಂಥವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿಗೆ ತಪ್ಪಿದ್ದು ಬೊಂಬಾಯಿಗೆ ಹೋಯಿತು. ವಾಲ್‌ಚಂದ್ 1944ರಲ್ಲಿ ಅಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು, ಕುರ್ಲಾದಲ್ಲಿ ಕಾರ್ಖಾನೆ. ಅದಕ್ಕೆ ಎರಡು ವರ್ಷ ಮೊದಲೇ ಬಿರ್ಲಾ ಅವರ ಹಿಂದುಸ್ತಾನ್ ಮೋಟರ್ಸ್ ಗುಜರಾತಿನ ಓಖಾದಲ್ಲಿ ಶುರುವಾಗಿ, ಆಮೇಲೆ ಕಲ್ಕತ್ತೆಯ ಹತ್ತಿರ ಉತ್ತರಪಾರಾಕ್ಕೆ ಹೋಯಿತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಸ್ವಾತಂತ್ರ್ಯದ ನಂತರ ಸರ್ಕಾರ 1953ರಲ್ಲಿ ಗಟ್ಟಿಯಾಗಿ ಹೇಳಿತು: ಇಲ್ಲೇ ಬಿಡಿಭಾಗ ತಯಾರಿಸುವವರು ಇರಿ, ಬರೀ ಜೋಡಿಸುವವರು ಹೊರಡಿ. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದದ್ದು ಬಹುಪಾಲು ಈ ಮೂವರು. ಫಿಯೆಟ್ 1100, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್. ಮುಂದಿನ ಮೂವತ್ತು ವರ್ಷ ‘ಯಾವ ಕಾರು ತಗೊಳ್ಳೋದು’ ಅನ್ನೋ ಪ್ರಶ್ನೆಗೆ ಇದ್ದ ಉತ್ತರ ಇಷ್ಟೇ. ನನ್ನ ಎಕ್ಸೆಲ್ ಶೀಟು ಆಗ ಮೂರು ಸಾಲಿಗೆ ಮುಗಿದುಹೋಗ್ತಿತ್ತು.

ಹೋಗಲಿ, ಮೂರೇ ಇದ್ದರೂ ಬೇಕಾದಷ್ಟು ಮಾಡಿದ್ದರೆ ಸಾಕಿತ್ತು. ಅದೂ ಇಲ್ಲ. ಯಾವ ಕಂಪನಿ ವರ್ಷಕ್ಕೆ ಎಷ್ಟು ಕಾರು ಮಾಡಬಹುದು ಅನ್ನೋದು ಲೈಸೆನ್ಸಿನಲ್ಲಿ ಬರೆದಿರುತ್ತಿತ್ತು. ಹೊರಗಿಂದ ಯಂತ್ರ, ಬಿಡಿಭಾಗ ತರಿಸಲು ವಿದೇಶಿ ವಿನಿಮಯ ಬೇಕು, ಅದು ದೇಶದಲ್ಲೇ ಇರಲಿಲ್ಲ. ಕಾರು ಅಂದರೆ ಶ್ರೀಮಂತರ ಶೋಕಿ, ಇರೋ ಉಕ್ಕು, ಇರೋ ಡಾಲರು ಲಾರಿಗೆ, ಟ್ರ್ಯಾಕ್ಟರಿಗೆ ಹೋಗಲಿ ಅನ್ನೋದು ಆಗಿನ ಯೋಚನೆ. ಅದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಊಟದ ಧಾನ್ಯವನ್ನೇ ಅಮೆರಿಕದಿಂದ ತರಿಸುತ್ತಿದ್ದ ದೇಶ ಅದು. ಆದರೆ ಅದರಿಂದ ಆದದ್ದೇನು ಅಂದರೆ, ಇಡೀ ದೇಶಕ್ಕೆ ವರ್ಷಕ್ಕೆ ಕೆಲವು ಹತ್ತು ಸಾವಿರ ಕಾರುಗಳು, ಅವುಗಳಿಗೆ ಹಲವು ಪಟ್ಟು ಕಾಯುವ ಜನ.

ಕಾಯೋದಕ್ಕೂ ಕಾನೂನಿತ್ತು! 1959ರಲ್ಲಿ ಕಾರುಗಳ ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶ ಅಂತ ಬಂತು. ಡೀಲರ್ ಬಳಿ ಹೋಗಿ ಹೆಸರು ಬರೆಸಬೇಕು. ಪೋಸ್ಟಾಫೀಸಿನಲ್ಲಿ ಉಳಿತಾಯ ಖಾತೆ ತೆರೆದು ಠೇವಣಿ ಇಟ್ಟು, ಅದನ್ನು ಡೀಲರ್ ಹೆಸರಿಗೆ ಅಡ ಇಡಬೇಕು. ಡೀಲರ್ ಸರದಿ ಪ್ರಕಾರ ಕೊಡಬೇಕು. ಸರ್ಕಾರಿ ಅಧಿಕಾರಿಗಳಂಥ ಕೆಲವರಿಗೆ ಮಾತ್ರ ಬೇರೆ ಕೋಟಾ. ತಗೊಂಡ ಹೊಸ ಕಾರನ್ನ ಇಂತಿಷ್ಟು ಕಾಲ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಯಾಕಂದರೆ ಬೆಲೆ ಸರ್ಕಾರದ ಹತೋಟಿಯಲ್ಲಿತ್ತು. ಹೊರಗೆ ಅದೇ ಕಾರಿಗೆ ಇನ್ನೂ ಜಾಸ್ತಿ ಕೊಡೋಕೆ ಜನ ತಯಾರಿದ್ದರು. ಆ ವ್ಯತ್ಯಾಸಕ್ಕೆ ಎಲ್ಲರೂ ಕರೆಯುತ್ತಿದ್ದ ಹೆಸರು ‘ಪ್ರೀಮಿಯಂ’. ಶೋರೂಮಿನಿಂದ ಆಚೆ ಬಂದ ತಕ್ಷಣ ಕಾರಿನ ಬೆಲೆ ಇಳಿಯುತ್ತೆ ಅಂತ ನಮಗೆ ಎಲ್ಲರೂ ಹೆದರಿಸ್ತಾರಲ್ಲ, ಆಗ ಉಲ್ಟಾ. ಆಚೆ ಬಂದ ತಕ್ಷಣ ಏರುತ್ತಿತ್ತು.

ಪ್ರಧಾನಮಂತ್ರಿಗೂ ಕಾರು ಅಂದರೆ ಸಣ್ಣ ಮಾತಾಗಿರಲಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿ ಪ್ರಧಾನಿಯಾದಾಗ ಸ್ವಂತ ಕಾರಿರಲಿಲ್ಲ. ಮನೆಯವರು ಹಟ ಹಿಡಿದರು. ಅವರ ಮಗ ಅನಿಲ್ ಶಾಸ್ತ್ರಿ ಹೇಳಿರೋ ಪ್ರಕಾರ, ಫಿಯೆಟ್ ಬೆಲೆ 12 ಸಾವಿರ, ಬ್ಯಾಂಕಿನಲ್ಲಿ ಇದ್ದದ್ದು 7 ಸಾವಿರ. ಉಳಿದ 5 ಸಾವಿರಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. ಸಾಲ ತೀರುವ ಮೊದಲೇ, 1966ರ ಜನವರಿಯಲ್ಲಿ ಅವರು ತಾಷ್ಕೆಂಟಿನಲ್ಲಿ ತೀರಿಕೊಂಡರು. ಉಳಿದ ಸಾಲವನ್ನ ಅವರ ಹೆಂಡತಿ ಲಲಿತಾ ಶಾಸ್ತ್ರಿ ತಮಗೆ ಬರುತ್ತಿದ್ದ ಪಿಂಚಣಿಯಿಂದ ಕಟ್ಟಿದರು. ಆ ಕಾರು ಇವತ್ತಿಗೂ ದಿಲ್ಲಿಯಲ್ಲಿ ಅವರ ಸ್ಮಾರಕದಲ್ಲಿದೆ.

ಅದೇ 1966ರಲ್ಲಿ ನಮ್ಮ ತಾತ ಬೆಂಗಳೂರಿಗೆ ಬಸ್ಸಿನಲ್ಲಿ ಬಂದು ಹೆಸರು ಬರೆಸಿದರು. ಯಾವ ಕಾರು, ಯಾವ ಡೀಲರ್ ಅನ್ನೋದು ಇಲ್ಲಿ ಬೇಡ, ಎಲ್ಲ ಕಡೆಯೂ ಅದೇ ಪಾಡು. ತಾತ ಹಾಸನದ ಕೋರ್ಟಿನಲ್ಲಿ ವಕೀಲರು. ಸಕಲೇಶಪುರದ ಕಡೆ ಕಾಫಿ ತೋಟದವರ ಕೇಸುಗಳು ಇರುತ್ತಿದ್ದವು. ತೋಟದವರೆಲ್ಲ ಕಾರಿನಲ್ಲಿ ಬಂದು ಇಳಿಯುತ್ತಿದ್ದರು, ವಕೀಲರು ಮಾತ್ರ ಕೊಡೆ ಹಿಡಿದು ನಡೆದು ಬರುತ್ತಿದ್ದರು. ಕಾರು ಬೇಕು ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ ಬಿಡಿ.

ಅಪ್ಪನಿಗೆ ಆಗ ಹತ್ತು ವರ್ಷ. ಕಾರು ಬರುತ್ತೆ ಅಂತ ಕ್ಲಾಸಿನಲ್ಲಿ ಹೇಳಿಬಿಟ್ಟಿದ್ದರಂತೆ. ಮನೆ ಮುಂದಿನ ಹೂವಿನ ಪಾತಿ ಕಿತ್ತು ಕಾರು ನಿಲ್ಲಿಸೋಕೆ ಜಾಗ ಮಾಡಿದರು. ವರ್ಷ ಒಂದಾಯ್ತು, ಎರಡಾಯ್ತು. ಜೊತೆಯ ಹುಡುಗರು ‘ಏನೋ, ನಿಮ್ಮ ಕಾರು ಪಂಕ್ಚರ್ರಾ?’ ಅಂತ ಕೇಳೋಕೆ ಶುರು ಮಾಡಿದರು. ಅಜ್ಜಿ ಆ ಜಾಗದಲ್ಲಿ ಮತ್ತೆ ಕನಕಾಂಬರ ಹಾಕಿದರು. ಈ ಮಧ್ಯೆ ಕಾರಿನ ಬೆಲೆ ಯಾರು ಎಷ್ಟು ನಿಗದಿ ಮಾಡಬೇಕು ಅಂತ ಸರ್ಕಾರಕ್ಕೂ ಕಂಪನಿಗಳಿಗೂ ಜಗಳ ಹತ್ತಿ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. 1971ರಲ್ಲಿ ತೀರ್ಪು ಬಂತು. ತಾತ ಆ ಕೇಸನ್ನ ಪೇಪರಿನಲ್ಲಿ ಕತ್ತರಿಸಿ ಇಟ್ಟುಕೊಂಡು ಓದುತ್ತಿದ್ದರಂತೆ. ತನ್ನ ಕಾರಿನ ಬಗ್ಗೆ ಅವರ ಕೈಗೆ ಬಂದ ಸುದ್ದಿ ಅಂದ್ರೆ ಅದೊಂದೇ.

1973ರ ಮೇ ತಿಂಗಳಲ್ಲಿ ಕಾಗದ ಬಂತು. ನಿಮ್ಮ ಸರದಿ ಬಂದಿದೆ, ಇಷ್ಟು ದಿನದೊಳಗೆ ಬಾಕಿ ಹಣ ಕಟ್ಟಿ ಗಾಡಿ ತಗೊಂಡು ಹೋಗಿ.

ಅಷ್ಟು ಹೊತ್ತಿಗೆ ನಮ್ಮ ದೊಡ್ಡತ್ತೆಯ ಮದುವೆ ಗೊತ್ತಾಗಿತ್ತು, ಜೂನ್‌ನಲ್ಲಿ ಲಗ್ನ. ಇನ್ನೊಂದು ಕಡೆ ಅಪ್ಪ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಅಂತ ಕೂತಿದ್ದರು. ಮೆರಿಟ್ಟಿನಲ್ಲಿ ಸೀಟು ಸಿಗೋದು ಕಷ್ಟ, ಒಂದು ಖಾಸಗಿ ಕಾಲೇಜಿನಲ್ಲಿ ಡೊನೇಷನ್ ಕೊಟ್ಟರೆ ಆಗುತ್ತೆ ಅನ್ನೋ ಪರಿಸ್ಥಿತಿ. ಇದರ ಮೇಲೆ ಕಾರಿನ ದುಡ್ಡು ಎಲ್ಲಿಂದ ತರೋದು? ಕಾಗದ ಬಂದ ಸುದ್ದಿ ಹೇಗೋ ಊರಿಗೆ ಗೊತ್ತಾಗಿ, ನಾಲ್ಕನೇ ದಿನಕ್ಕೆ ಒಬ್ಬ ಅಕ್ಕಿ ಗಿರಣಿ ಯಜಮಾನರು ಮನೆಗೆ ಬಂದರು. ‘ವಕೀಲರೇ, ದುಡ್ಡೆಲ್ಲ ನಾನು ಕಟ್ತೀನಿ. ಕಾರು ನಿಮ್ಮ ಹೆಸರಲ್ಲೇ ಇರ್ಲಿ, ಆಮೇಲೆ ನಿಧಾನಕ್ಕೆ ಬದಲಾಯಿಸ್ಕೊಳಣ. ಮೇಲೆ ಐದು ಸಾವಿರ ನಿಮಗೆ’ ಅಂದರು.

ಐದು ಸಾವಿರಕ್ಕೆ ಅಪ್ಪನ ಸೀಟು ಆಗುತ್ತಿತ್ತು. ಅಪ್ಪ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು.

ತಾತ ಆಗಲ್ಲ ಅಂದರು. ಅದು ಕಾನೂನಿಗೆ ವಿರುದ್ಧ, ಕೋರ್ಟಿನಲ್ಲಿ ನಿಂತು ಮಾತಾಡೋನು ನಾನು, ಇಂಥ ಕಾಗದಕ್ಕೆ ಸಹಿ ಹಾಕಲ್ಲ ಅಂದರು. ಬಂದವರಿಗೆ ಕಾಫಿ ಕೊಟ್ಟು ಕಳಿಸಿದರು. ಮಾರನೇ ವಾರ ಬೆಂಗಳೂರಿಗೆ ಹೋಗಿ ಬುಕಿಂಗ್ ರದ್ದು ಮಾಡಿಸಿ, ಅಡ ಬಿಡಿಸಿಕೊಂಡು, ಪೋಸ್ಟಾಫೀಸಿನ ದುಡ್ಡು ತೆಗೆದು ಅತ್ತೆಯ ಮದುವೆಯ ಖರ್ಚಿಗೆ ಹಾಕಿದರು. ಅಪ್ಪ ಬಿಎಸ್‌ಸಿ ಸೇರಿದರು. ಅದೇ ವರ್ಷದ ಕೊನೆಗೆ ಅರಬ್ ದೇಶಗಳ ಯುದ್ಧದಿಂದ ಪೆಟ್ರೋಲ್ ಬೆಲೆ ವಿಪರೀತ ಏರಿ ಕಾರು ಕೊಳ್ಳುವವರೇ ಕಮ್ಮಿಯಾದರು. ಏಳು ವರ್ಷ ಕಾಯಿಸಿದ ಸರದಿ ಆಮೇಲೆ ನೋಡ್ತಾ ನೋಡ್ತಾ ಕರಗಿತು.

‘ತಾತನ ಮೇಲೆ ಕೋಪ ಇತ್ತಾ?’ ಅಂತ ಕೇಳಿದೆ. ಅಪ್ಪ ಪಾಸ್‌ಬುಕ್ ವಾಪಸು ಕವರಿಗೆ ಹಾಕುತ್ತಾ, ‘ನಾನು ಆರು ತಿಂಗಳು ಅವರ ಹತ್ರ ಮಾತಾಡ್ಲಿಲ್ಲ. ಅವರು ಅದನ್ನ ಗಮನಿಸಲೂ ಇಲ್ಲ’ ಅಂದರು.

ಈ ಕಥೆ ಕೇಳಿದ ಮೇಲೆ ನನಗೆ ಅಪ್ಪನ ಎಷ್ಟೋ ವಿಷಯ ಬೇರೆ ಥರ ಕಾಣಿಸಿತು. ಬ್ಯಾಂಕಿನ ಅಧಿಕಾರಿಗೆ ಕಮ್ಮಿ ಬಡ್ಡಿಗೆ ಕಾರ್ ಲೋನ್ ಸಿಗುತ್ತೆ. ಅವರ ಜೊತೆಯವರೆಲ್ಲ ತೊಂಬತ್ತರ ದಶಕದಲ್ಲಿ ಒಬ್ಬೊಬ್ಬರಾಗಿ ತಗೊಂಡರು. ಅಪ್ಪ ಮಾತ್ರ ಸ್ಕೂಟರಿನಲ್ಲೇ ರಿಟೈರ್ ಆದರು. ಕೇಳಿದರೆ ‘ಬಸ್ ಇದೆಯಲ್ಲ’. ನಾವೆಲ್ಲ ಜಿಪುಣತನ ಅಂದುಕೊಂಡಿದ್ವಿ.

ಹಾಗಂತ ಆ ನಡುವೆ ಯಾರೂ ಪ್ರಯತ್ನ ಮಾಡಲಿಲ್ಲ ಅಂತಲ್ಲ. ಬೆಂಗಳೂರಲ್ಲೇ ಎಪ್ಪತ್ತರ ದಶಕದಲ್ಲಿ ‘ಬಾದಲ್’ ಅಂತ ಒಂದು ಮೂರು ಚಕ್ರದ ಕಾರು ತಯಾರಾಯ್ತು. ಆಟೊ ಅಲ್ಲ, ಕಾರೇ! ಮುಂದೆ ಸಿಪಾನಿ ಕಂಪನಿ 1982ರ ಸುಮಾರಿಗೆ ಡಾಲ್ಫಿನ್ ಅನ್ನೋ ಎರಡು ಬಾಗಿಲಿನ ಪುಟಾಣಿ ಕಾರು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ವಿನ್ಯಾಸ, ಮೈಯೆಲ್ಲ ಫೈಬರ್‌ಗ್ಲಾಸು. ಹಗುರ, ಆದ್ದರಿಂದ ರ‍್ಯಾಲಿಗಳಲ್ಲಿ ಚೆನ್ನಾಗಿ ಓಡುತ್ತಿತ್ತು. ಕರ್ನಾಟಕದ ಕಾರು ಅಂತ ಎದೆ ತಟ್ಟಿ ಹೇಳಬಹುದಾಗಿದ್ದ ಕಾರು ಅದು. ಪಾಪ, ಅದರ ಟೈಮು ಸರಿ ಇರಲಿಲ್ಲ. ಒಂದೇ ವರ್ಷಕ್ಕೆ ಮಾರುತಿ ಬಂತು.

ಮಾರುತಿಯ ಕಥೆ ನಿಮಗೆ ಗೊತ್ತಿರುತ್ತೆ, ಚಿಕ್ಕದಾಗಿ ಹೇಳ್ತೀನಿ. ಸಂಜಯ್ ಗಾಂಧಿ 1971ರಲ್ಲಿ ಶುರು ಮಾಡಿದ ಮಾರುತಿ ಕಂಪನಿ ಮಾರಾಟಕ್ಕೆ ಕಾರು ಕೊಡದೆ ಮುಳುಗಿತು. ಅವರು ತೀರಿಕೊಂಡ ಮೇಲೆ ಸರ್ಕಾರವೇ 1981ರಲ್ಲಿ ಮಾರುತಿ ಉದ್ಯೋಗ್ ಕಟ್ಟಿ, ಮರುವರ್ಷ ಜಪಾನಿನ ಸುಜುಕಿಯ ಜೊತೆ ಒಪ್ಪಂದ ಮಾಡಿಕೊಂಡಿತು. 1983ರಲ್ಲಿ ಬುಕಿಂಗ್ ತೆರೆದಾಗ ಹತ್ತು ಸಾವಿರ ಮುಂಗಡ ಕಟ್ಟಿ ಒಂದು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಆಗ ದೇಶದ ಎಲ್ಲ ಕಂಪನಿ ಸೇರಿ ವರ್ಷಕ್ಕೆ ಅದರ ಅರ್ಧದಷ್ಟು ಕಾರೂ ಮಾಡುತ್ತಿರಲಿಲ್ಲ. ಅಂದರೆ ಯೋಚನೆ ಮಾಡಿ, ಎಷ್ಟು ವರ್ಷದಿಂದ ಎಷ್ಟು ಮನೆಗಳಲ್ಲಿ ಕನಕಾಂಬರ ಹಾಕಿ ಸುಮ್ಮನಿದ್ದರು ಅಂತ. 1983ರ ಡಿಸೆಂಬರ್ 14ರಂದು ದಿಲ್ಲಿಯ ಹರ್ಪಾಲ್ ಸಿಂಗ್ ಅನ್ನೋ ಇಂಡಿಯನ್ ಏರ್‌ಲೈನ್ಸ್ ನೌಕರರಿಗೆ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀ ಕೊಟ್ಟರು. ಬೆಲೆ ಐವತ್ತು ಸಾವಿರದ ಆಸುಪಾಸು. ಅವರು 2010ರಲ್ಲಿ ಸಾಯುವವರೆಗೂ ಆ ಕಾರನ್ನ ಮಾರಲಿಲ್ಲ.

ಆದರೆ ಅದೂ ಸರದಿಯೇ, ಡ್ರಾನೇ. ‘ನಾನು ಇವತ್ತು ಹೋಗಿ ನನಗೆ ಬೇಕಾದ ಕಾರು ತಗೋತೀನಿ’ ಅನ್ನೋ ಮಾತು ಹುಟ್ಟಿದ್ದು ಇನ್ನೂ ಹತ್ತು ವರ್ಷ ಆದ ಮೇಲೆ. 1991ರ ಉದಾರೀಕರಣದಲ್ಲಿ ಬಹುತೇಕ ಎಲ್ಲ ಉದ್ಯಮಕ್ಕೂ ಲೈಸೆನ್ಸ್ ತೆಗೆದಾಗ ಕಾರನ್ನ ಮಾತ್ರ ಬಿಟ್ಟಿದ್ದರು. ಶೋಕಿ ಅನ್ನೋ ಹಳೇ ಅನುಮಾನ ಅಷ್ಟು ಬೇಗ ಹೋಗುತ್ತಾ? ಕಾರಿಗೆ ಲೈಸೆನ್ಸ್ ಬೇಡ ಅಂತ ಆಗಿದ್ದು 1993ರಲ್ಲಿ. ನಾನು ಹುಟ್ಟಿದ ಮರುವರ್ಷ. 1998ರಲ್ಲಿ ಸ್ಯಾಂಟ್ರೊ ಬಂತು, ಇಂಡಿಕಾ ಬಂತು. 1999ರ ಕೊನೆಗೆ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಗಾಡಿ ಮಾಡೋಕೆ ಶುರು ಮಾಡಿತು. 2001ರಲ್ಲಿ ಬೆಂಗಳೂರಿನದೇ ರೇವಾ ಎಲೆಕ್ಟ್ರಿಕ್ ಕಾರು. ಅದು ಲಂಡನ್ನಿನ ರಸ್ತೆಯಲ್ಲೂ ಓಡಿತು. ವಿಶ್ವೇಶ್ವರಯ್ಯನವರು ಅಮೆರಿಕಕ್ಕೆ ಹೋಗಿ ಬಂದು ಅಷ್ಟೊತ್ತಿಗೆ ಅರವತ್ತೈದು ವರ್ಷ.

ಅದರ ಜೊತೆಗೇ ಬಂದದ್ದು ಸಾಲ. ತಾತನ ಕಾಲದಲ್ಲಿ ಕಾರಿಗೆ ಸಾಲ ಅಂದರೆ ಶಾಸ್ತ್ರಿಗಳಂಥವರ ಸುದ್ದಿ. ಈಗ ಸಂಬಳದ ಖಾತೆ ಇರೋ ಎಲ್ಲರಿಗೂ ವಾರಕ್ಕೆ ಎರಡು ಸಲ ‘ನಿಮಗೆ ಪ್ರೀ-ಅಪ್ರೂವ್ಡ್ ಕಾರ್ ಲೋನ್ ಇದೆ’ ಅಂತ ಮೆಸೇಜು. ಸರದಿಯ ಜಾಗದಲ್ಲಿ ಕಂತು ಬಂದು ಕೂತಿದೆ. ತಾತ ಮೊದಲು ಏಳು ವರ್ಷ ಕಾದು ಆಮೇಲೆ ಕಾರು ತಗೋಬೇಕಿತ್ತು, ನಾನು ಕಾರು ತಗೊಂಡು ಆಮೇಲೆ ಏಳು ವರ್ಷ ಕಟ್ಟಬೇಕು.

ಸರದಿಯ ಕೊನೆಯ ದೊಡ್ಡ ಜಾತ್ರೆ ನ್ಯಾನೋದು ಅನ್ನಿಸುತ್ತೆ. ಒಂದು ಲಕ್ಷದ ಕಾರು ಅಂತ 2008ರಲ್ಲಿ ರತನ್ ಟಾಟಾ ತೋರಿಸಿದರು. ಸಿಂಗೂರಿನಿಂದ ಕಾರ್ಖಾನೆ ಹೊರಟಾಗ ಧಾರವಾಡದಲ್ಲಿ ಜಾಗ ಕೊಡ್ತೀವಿ ಅಂತ ನಮ್ಮ ರಾಜ್ಯವೂ ಕೈಯೆತ್ತಿತ್ತು. ಅದು ಗುಜರಾತಿನ ಸಾಣಂದ್‌ಗೆ ಹೋಯಿತು. ಮತ್ತೊಂದು ಸಲ ತಪ್ಪಿತು! 2009ರಲ್ಲಿ ಎರಡು ಲಕ್ಷ ಜನ ಬುಕ್ ಮಾಡಿದರು, ಲಾಟರಿ ಎತ್ತಿ ಕೊಟ್ಟರು. ಹತ್ತು ವರ್ಷ ತುಂಬುವ ಮೊದಲೇ ಕೇಳುವವರಿಲ್ಲದೆ ತಯಾರಿಕೆ ನಿಂತಿತು. ಅಗ್ಗದ ಕಾರು ಅನ್ನಿಸಿಕೊಂಡಿದ್ದೇ ಅದಕ್ಕೆ ಮುಳುವಾಯ್ತು ಅಂತಾರೆ. ಕಾರು ಸಿಕ್ಕರೆ ಸಾಕು ಅಂತಿದ್ದ ದೇಶ, ಮೂವತ್ತು ವರ್ಷಕ್ಕೆ ‘ಯಾವ ಕಾರು’ ಅಂತ ಮೂಗು ಮುರಿಯೋ ಹಾಗಾಗಿತ್ತು. ನನ್ನ ಹದಿನಾಲ್ಕು ಕಾಲಮ್ಮಿನ ಶೀಟಿನಲ್ಲಿ ‘ಆಫೀಸಿನವರು ಏನಂದ್ಕೋತಾರೆ’ ಅನ್ನೋ ಕಾಲಮ್ಮು ಇರಲಿಲ್ಲ ನಿಜ. ತಲೆಯಲ್ಲಿ ಇತ್ತು.

ಫೆಬ್ರವರಿಯಲ್ಲಿ ಅಪ್ಪ ಬೆಂಗಳೂರಿಗೆ ಬಂದಿದ್ದಾಗ ಶೋರೂಮಿನಿಂದ ಫೋನ್ ಬಂತು. ಇಬ್ಬರೂ ಹೋದೆವು. ಸೇಲ್ಸ್ ಹುಡುಗ ಎಸಿ ಜಾಸ್ತಿ ಮಾಡಿ, ಟೀ ತರಿಸಿ, ನಿಧಾನಕ್ಕೆ ವಿಷಯಕ್ಕೆ ಬಂದ. ‘ಮೇಡಂ, ನೀವು ಬುಕ್ ಮಾಡಿರೋ ಕಲರ್‌ಗೆ ಇನ್ನೂ ಹತ್ತು ವಾರ ವೇಟಿಂಗ್ ಇದೆ. ಆದ್ರೆ ಅದೇ ಗಾಡಿ ಇನ್ನೊಬ್ಬರದ್ದು ಕ್ಯಾನ್ಸಲ್ ಆಗಿದೆ. ನೀವು ನಲವತ್ತು ಸಾವಿರದ ಆಕ್ಸೆಸರಿ ಪ್ಯಾಕೇಜ್ ತಗೊಂಡ್ರೆ ಈ ಶನಿವಾರಾನೇ ಕೊಡಿಸ್ತೀನಿ.’

ಅಪ್ಪ ಟೀ ಲೋಟ ಕೆಳಗಿಟ್ಟರು. ‘ಅಂದ್ರೆ ಪ್ರೀಮಿಯಮ್ಮು?’ ಅಂದರು.

‘ಇಲ್ಲ ಸಾರ್, ಇದು ಮಿಡ್ ವೇರಿಯಂಟು. ಪ್ರೀಮಿಯಂಗೆ ಸನ್‌ರೂಫ್ ಬರುತ್ತೆ’ ಅಂದ ಹುಡುಗ.

ನನಗೆ ನಗು ತಡೆಯೋಕೆ ಆಗಲಿಲ್ಲ. ಆದರೆ ಅಪ್ಪನ ಮುಖ ನೋಡಿ ಸುಮ್ಮನಾದೆ. ಅವರು ಗಾಜಿನಾಚೆ ನಿಂತಿದ್ದ ಕಾರುಗಳನ್ನೇ ನೋಡ್ತಿದ್ದರು. ತಾತ ಹೇಳಿದ ಮಾತನ್ನೇ ಹೇಳ್ತಾರೆ ಅಂದುಕೊಂಡೆ. ನಿಜ ಹೇಳಬೇಕಂದ್ರೆ ಹೇಳಲಿ ಅಂತಲೇ ಆಸೆ ಇತ್ತು. ಹತ್ತು ವಾರ ಕಾಯೋಕೆ ನನಗೇನು ಕಷ್ಟ, ಮೆಟ್ರೋ ಇದೆ. ಜೊತೆಗೆ ಆ ಪ್ಯಾಕೇಜು ಶುದ್ಧ ಸುಲಿಗೆ ಅನ್ನೋದು ನನಗೂ ಗೊತ್ತಿತ್ತು.

‘ಕೊಟ್ಟು ತಗೊಂಡುಬಿಡು ಪುಟ್ಟಾ’ ಅಂದರು ಅಪ್ಪ. ‘ನಲವತ್ತು ಸಾವಿರ ನಾನು ಕೊಡ್ತೀನಿ.’

ಬೇಡ ಅಂದೆ, ಕೇಳಲಿಲ್ಲ. ಅಲ್ಲೇ ಕೂತು ಚೆಕ್ ಬರೆದರು. ಬ್ಯಾಂಕಿನವರ ಅಕ್ಷರ, ದುಂಡಗೆ. ಹುಡುಗ ಚೆಕ್ ಕಂಡು ಸ್ವಲ್ಪ ಗಾಬರಿಯಾದ, ಯುಪಿಐ ಇಲ್ವಾ ಸಾರ್ ಅಂದ.

ಶನಿವಾರ ಕಾರು ಬಂತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಶೋರೂಮಿನವರು ಕೊಟ್ಟ ರಟ್ಟಿನ ದೊಡ್ಡ ಕೀ ಹಿಡಿದು ಫೋಟೊ ತೆಗೆಸಿಕೊಂಡೆವು. ಅಪ್ಪ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕೂತಿದ್ದರು, ಪರೀಕ್ಷೆಗೆ ಕೂತ ಹಾಗೆ. ನೆಲಮಂಗಲ ದಾಟಿ ಹಾಸನದ ರಸ್ತೆಗೆ ತಿರುಗಿಕೊಳ್ಳೋವರೆಗೂ ಒಂದು ಮಾತಿಲ್ಲ. ಕುಣಿಗಲ್ ಹತ್ತಿರ ಬರ್ತಿದ್ದ ಹಾಗೆ ಡ್ಯಾಶ್‌ಬೋರ್ಡ್ ಸವರಿ ನೋಡಿ ಕೇಳಿದರು, ‘ಈಗ ಇದನ್ನ ಮಾರ್ಬೇಕು ಅಂದ್ರೆ ಯಾರ ಪರ್ಮಿಷನ್ನೂ ಬೇಡ್ವಾ?’

‘ಬೇಕಪ್ಪಾ’ ಅಂದೆ. ‘ಬ್ಯಾಂಕಿಂದು. ಏಳು ವರ್ಷ.’